ಹನ್ನೊಂದನೇ ಪ್ರಶ್ನೆಯ ‘ಇಲ್ಲ’

ದೀಪಿಕಾ ಲ್ಯಾಪ್‌ಟಾಪ್ ಮುಚ್ಚಿದ ಸಪ್ಪಳಕ್ಕೇ ಏನೋ ಕೆಟ್ಟಿದೆ ಎಂದು ನನಗೆ ತಿಳಿಯಿತು. ಹಂಚಿನ ಮೇಲಿನ ರೊಟ್ಟಿಗೆ ನೀರು ಸವರುತ್ತ, ‘ಏನಾತು?’ ಎಂದು ಕೇಳಿದೆ.

‘ಗೈಡ್ ಮೇಡಂ ಫೋನ್ ಮಾಡಿದ್ರು. ಬ್ಯಾಡಗಿ ಹೆಣ್ಮಕ್ಕಳು ಸುಳ್ಳ ಹೇಳ್ಯಾರ ಅನಸ್ತೈತಿ ಅವ್ವಾ.’

ನನ್ನ ಮಗಳು ಹಾವೇರಿಯಲ್ಲಿ ಮನಃಶಾಸ್ತ್ರದ ಎಂ.ಎ. ಓದುತ್ತಾಳೆ. ರಾಣೆಬೆನ್ನೂರಿನ ನಮ್ಮ ಮನೆಯಿಂದ ದಿನಾ ಹೋಗಿ ಬರುತ್ತಾಳೆ. ಕೊನೆಯ ವರ್ಷದ ಅಧ್ಯಯನಕ್ಕೆ ಅವಳು ಆರಿಸಿಕೊಂಡಿದ್ದು ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತುಂಬು, ಅಂದರೆ ತೊಟ್ಟು, ಬಿಡಿಸುವ ಹೆಂಗಸರ ಒಂಟಿತನ. ಅದನ್ನು ಅಳೆಯಲು ಹನ್ನೆರಡು ಮಾತುಗಳಿದ್ದ ಒಂದು ಹಾಳೆ. ಪ್ರತಿ ಮಾತಿನ ಮುಂದೆ ಐದು ಮನೆಗಳು. ಮೊದಲನೆಯದು ‘ಪೂರ್ತಿ ಹೌದು’, ಕೊನೆಯದು ‘ಪೂರ್ತಿ ಇಲ್ಲ’. ಹೆಸರು ಬರೆಯುವಂತಿಲ್ಲ, ಬರೀ ನಂಬರು.

ನನ್ನ ತವರು ಬ್ಯಾಡಗಿ. ಮದುವೆಗೆ ಮುಂಚೆ ನಾನೂ ನಾಲ್ಕು ವರ್ಷ ತುಂಬು ಬಿಡಿಸಿದವಳು. ಹಾಗಾಗಿ ಕಳೆದ ತಿಂಗಳು ಅವಳ ಜೊತೆ ಹೋಗಿದ್ದೆ. ಒಂದು ಶೆಡ್ಡಿನ ಮೂವತ್ನಾಲ್ಕು ಜನರನ್ನು ಅವಳು ಕೇಳಿದಳು, ಪಕ್ಕದ ಶೆಡ್ಡಿನ ಮೂವತ್ತು ಜನರನ್ನು ನಾನು ಕೇಳಿದೆ. ಓದಲು ಬಾರದವರಿಗೆ ಓದಿ ಹೇಳಿ, ಅವರು ಹೇಳಿದ್ದಕ್ಕೆ ಗುರುತು ಹಾಕುವುದಷ್ಟೇ ನನ್ನ ಕೆಲಸ. ನನ್ನ ಕೈಯಲ್ಲಿದ್ದದ್ದು ಹಸಿರು ಪೆನ್ನು.

‘ಎಲ್ಲಾರೂ ಸುಳ್ಳ ಹೇಳ್ಯಾರೇನು?’

‘ಹನ್ನೊಂದನೇ ಪ್ರಶ್ನಿಗೆ ಅಷ್ಟ. ಉಳಿದ ಹನ್ನೊಂದೂ ಒಂದ ದಿಕ್ಕಿಗೆ ಹೋಗತಾವು. ಯಾರು ಒಂದ ಪ್ರಶ್ನಿಗೆ ನಾ ಒಬ್ಬಾಕಿನ ಅನಸ್ತೈತಿ ಅಂತಾರ, ಅವರು ಎಲ್ಲಾ ಕಡೆನೂ ಹಂಗ ಅನಬೇಕಲ್ಲ. ಇದೊಂದು ಹಿಂದಕ್ಕ ಹೊಂಟೈತಿ. ಒಂಟಿ ಅದೀವಿ ಅಂದವರ ಇದಕ್ಕ ಬಂದಾಗ ಇಲ್ಲ ಅಂದಾರ.’

ಅವಳು ಹಾಳೆ ತಂದು ತೋರಿಸಿದಳು. ಹನ್ನೊಂದನೆಯ ಸಾಲು: ‘ಮನಸ್ಸಿನ ಮಾತು ಹೇಳಿಕೊಳ್ಳಲು ನನಗೆ ಯಾರೂ ಇಲ್ಲ.’

‘ಈಗ ಏನ ಮಾಡೂದು?’

‘ಬುಧವಾರ ಒಪ್ಪಸಬೇಕು, ಇಲ್ಲಂದ್ರ ಮುಂದಿನ ವರ್ಷ. ಮೇಡಂ ಅಂದ್ರು, ಯಾಕ ಹಿಂಗಾತು ಅಂತ ಹುಡುಕು, ಸಿಗಲಿಲ್ಲಂದ್ರ ಆ ಪ್ರಶ್ನಿ ತಗದ ಹಾಕು, ತಗದೇನಿ ಅಂತ ಬರಿ ಅಂತ. ತಗದ್ರ ಲೆಕ್ಕ ಚಂದ ಬರತೈತಿ.’

ಬಣ್ಣಗೆಟ್ಟ ಬಿಳಿಗಾಯಿ ಆರಿಸಿ ಒಗೆದು ಕೆಂಪು ಕಾಯಿಯನ್ನಷ್ಟೇ ಸ್ಯಾಂಪಲ್ ತೋರಿಸುವ ಹಾಗೆ ನನಗೆ ಕಂಡಿತು. ಆದರೆ ಓದಿದವಳು ಅವಳು. ಮುಂದಿನ ರೊಟ್ಟಿ ಹಂಚಿಗೆ ಹಾಕಿದೆ.

ಅವಳು ತಾಟು ಹಾಕಿಕೊಂಡು ಕುಳಿತಳು. ರೊಟ್ಟಿ ಮುರಿಯುತ್ತ ಕೇಳಿದಳು, ‘ಮೊಸರ ಇಲ್ಲೇನಬೇ?’

‘ಇಲ್ಲ.’

ಅವಳು ಚಟ್ನಿಪುಡಿಗೆ ಎಣ್ಣೆ ಹಾಕಿಕೊಂಡಳು. ನಾನು ಹಂಚಿನ ಮುಂದೆ ನಿಂತೇ ಇದ್ದೆ. ರೊಟ್ಟಿ ಕರಕಲು ವಾಸನೆ ಬಂದಾಗಲೇ ಎಚ್ಚರವಾದದ್ದು.

‘ದೀಪಾ, ನೀ ಈಗ ಏನ ಕೇಳಿದಿ?’

‘ಮೊಸರ.’

‘ಇಲ್ಲೇನು ಅಂದಿ. ನಾ ಇಲ್ಲ ಅಂದೆ. ಅಂದ್ರ ಮೊಸರ ಐತೋ, ಇಲ್ಲೋ?’

‘ಇಲ್ಲಲ್ಲ. ನೀನ ಹೇಳಿದೆಲ್ಲ.’ ಅವಳ ಕೈಯ ತುತ್ತು ಅಲ್ಲೇ ನಿಂತಿತು.

ನಾನು ಸ್ಟೂಲ್ ಎಳೆದುಕೊಂಡು ಕುಳಿತೆ. ಹಾಳೆಯಲ್ಲಿ ಬರೆದಂತೆ ಓದಲು ನನಗೆ ಅಂದು ಶೆಡ್ಡಿನಲ್ಲಿ ನಾಚಿಕೆಯಾಗಿತ್ತು. ಪುಸ್ತಕದ ಭಾಷೆ, ಪರಿಚಯದ ಹೆಂಗಸರು. ಅದಕ್ಕೇ ನಮ್ಮ ಮಾತಿನಲ್ಲಿ ಕೇಳಿಬಿಟ್ಟಿದ್ದೆ. ಹನ್ನೆರಡರಲ್ಲಿ ‘ಇಲ್ಲ’ ಎಂದು ಮುಗಿಯುವುದು ಹನ್ನೊಂದನೆಯದೊಂದೇ. ‘ಮನಸಿನ ಮಾತ ಹೇಳ್ಕೊಳ್ಳಾಕ ನಿನಗ ಯಾರೂ ಇಲ್ಲೇನು?’ ಅವರು ‘ಇಲ್ಲ’ ಎಂದಿದ್ದರು. ನಾನು ‘ಪೂರ್ತಿ ಇಲ್ಲ’ ಎಂಬ ಮನೆಯಲ್ಲಿ ಹಸಿರು ಗುರುತು ಹಾಕಿ ಮುಂದಕ್ಕೆ ಹೋಗಿದ್ದೆ. ಯಾರೂ ಇಲ್ಲ ಎಂದವಳನ್ನು ಎಲ್ಲರೂ ಇರುವವಳೆಂದು ಬರೆದಿದ್ದೆ.

ದೀಪಿಕಾ ಎಂಜಲು ಕೈಯಲ್ಲೇ ಎದ್ದುಹೋಗಿ ಎಡಗೈಯಿಂದ ಲ್ಯಾಪ್‌ಟಾಪ್ ತೆರೆದಳು. ಎರಡು ಶೆಡ್ಡುಗಳನ್ನು ಬೇರೆ ಮಾಡಿ ನೋಡಿದಳು. ಅವಳು ಕೇಳಿದ ಮೂವತ್ನಾಲ್ಕರಲ್ಲಿ ಹನ್ನೊಂದನೆಯದು ಸರಿಯಾಗಿಯೇ ನಡೆದಿತ್ತು. ಹಿಂದಕ್ಕೆ ಹೊರಟಿದ್ದು ನನ್ನ ಮೂವತ್ತು.

‘ಹೆಣ್ಮಕ್ಕಳದ್ದೇನ ತಪ್ಪಿಲ್ಲ’ ಎಂದಳು. ನನ್ನ ತಪ್ಪು ಅನ್ನಲಿಲ್ಲ. ಮತ್ತೆ ಪರದೆ ಕಡೆ ತಿರುಗಿದಳು. ‘ಹಂಗಾರ ಸುಲಭ ಐತಿ. ನಿನ್ನ ಮೂವತ್ತೂ ಹಾಳಿ ಉಲ್ಟಾ ಮಾಡಿಬಿಟ್ರಾತು. ಐದಿದ್ದಲ್ಲೆ ಒಂದು, ಒಂದಿದ್ದಲ್ಲೆ ಐದು.’

ಒಪ್ಪಿಬಿಡಬೇಕು ಅನ್ನಿಸಿತು. ಅವಳ ಒಂದು ವರ್ಷ ಉಳಿಯುತ್ತಿತ್ತು. ಆದರೆ ನೆನಪು ಬಿಡಲಿಲ್ಲ.

‘ಎಲ್ಲಾರೂ ಒಂದ ನಮೂನಿ ಇಲ್ಲ ಅಂದಿಲ್ಲವಾ. ಹೊಳಿಯವ್ವ...’

‘ಹೆಸರ ಹೇಳಬ್ಯಾಡ ಅವ್ವಾ. ನನಗ ಗೊತ್ತಾಗಬಾರದು.’

‘ಆತು. ಒಬ್ಬಾಕಿ ಅಂದ್ಲು, ಇಲ್ಲ ಬಿಡವಾ, ಹಂಗೇನಿಲ್ಲ, ನಮ್ಮ ತಂಗಿ ಅದಾಳ ಅಂತ. ಅದಕ್ಕೂ ನಾ ಪೂರ್ತಿ ಇಲ್ಲ ಅಂತನ ಹಾಕೇನಿ. ಎರಡ ನಮೂನಿ ಇಲ್ಲ ಒಂದ ಮನ್ಯಾಗ ಕುಂತಾವು. ಯಾವದ ಯಾರದು ಅಂತ ಹೆಂಗ ಹೇಳ್ಲಿ?’

ಅವಳು ಎದ್ದು ಕೈ ತೊಳೆದುಕೊಂಡಳು. ನಂತರ ಮೇಡಂಗೆ ಫೋನ್ ಮಾಡಿ ಇದ್ದದ್ದನ್ನು ಇದ್ದಂತೆ ಹೇಳಿದಳು, ಮೊಸರಿನ ಮಾತನ್ನೂ. ಆ ಕಡೆ ಮೇಡಂ ನಕ್ಕದ್ದು ನನಗೂ ಕೇಳಿಸಿತು. ಆ ಶೆಡ್ಡಿನ ಮೂವತ್ತು ಹಾಳೆಗಳನ್ನು ಬದಿಗಿಟ್ಟು ಅವರನ್ನು ಮೊದಲಿನಿಂದ ಕೇಳಬೇಕು, ಯಾಕೆ ಹೀಗಾಯಿತು ಎಂದು ವರದಿಯಲ್ಲಿ ಬರೆಯಬೇಕು, ಗಡುವು ಮಾತ್ರ ಬುಧವಾರವೇ ಎಂದರಂತೆ ಮೇಡಂ.

‘ಈ ಸರ್ತಿ ನಾನ ಕೇಳತೇನಿ. ನೀ ಜೋಡಿ ಬಾ. ಆದ್ರ ಬಾಯಿ ತಗೀಬ್ಯಾಡ’ ಎಂದಳು ನನ್ನ ಮಗಳು.

ಮರುದಿನ ಬೆಳಿಗ್ಗೆ ರೈಲಿಳಿದು ಶೆಡ್ಡಿಗೆ ಹೋದಾಗ ಹೆಂಗಸರು ಆಗಲೇ ಮೂಗಿಗೆ ಸೆರಗು ಕಟ್ಟಿಕೊಂಡು ಕಾಯಿ ರಾಶಿಯ ಸುತ್ತ ಕುಳಿತಿದ್ದರು. ಘಾಟಿಗೆ ದೀಪಿಕಾ ಮೂರು ಸಲ ಸೀನಿದಳು.

‘ಬಂದ್ಲು ನೋಡ, ಪರೀಕ್ಷೆ ಮಾಡಾಕಿ’ ಎಂದಳು ಹೊಳಿಯವ್ವ. ‘ಹ್ವಾದ ಸರ್ತಿ ನಾವೆಲ್ಲಾ ಫೇಲಾದ್ವೇನವಾ?’

‘ಇಲ್ರಿ, ನಮ್ಮವ್ವ ಫೇಲ್ ಆಗ್ಯಾಳ.’

ನಗು ಎದ್ದಿತು. ಅದರ ಹಿಂದೆಯೇ ಕೆಮ್ಮು.

ಮತ್ತೆ ಕೇಳುವ ಕಾರಣವನ್ನು ಅವಳು ಎಲ್ಲರಿಗೂ ಹೇಳಿ, ಬೇಡವಾದವರು ಬೇಡ ಅನ್ನಬಹುದು ಎಂದಳು. ಯಾರೂ ಅನ್ನಲಿಲ್ಲ. ಈ ಸಲ ಹೌದು ಇಲ್ಲಗಳ ಗೊಡವೆಯನ್ನೇ ಅವಳು ಬಿಟ್ಟಿದ್ದಳು. ನೆಲದಿಂದ ಐದು ತುಂಬು ಆರಿಸಿ ಕೈಗೆ ಕೊಡುವಳು. ‘ಒಬ್ಬಾಕಿ ಹಿಂಗ ಅಂತಾಳ. ಆಕಿ ಮಾತು ನಿಮಗ ಎಷ್ಟು ಹೊಂದತೈತಿ? ಭಾಳ ಹೊಂದಿದ್ರ ಐದೂ ಇಡ್ರಿ, ಒಟ್ಟ ಹೊಂದಲಿಲ್ಲಂದ್ರ ಒಂದ ಇಡ್ರಿ.’ ಅಡ್ಡ ಒಂದು ಖಾಲಿ ಚೀಲ ಕಟ್ಟಿ, ಒಬ್ಬೊಬ್ಬರನ್ನೇ ಅದರ ಹಿಂದೆ ಕೂರಿಸಿಕೊಂಡು ಕೇಳಿದಳು. ನಾನು ಈಚೆ ಕಡೆ ಕುಳಿತು ಸುಮ್ಮನೆ ತುಂಬು ಬಿಡಿಸಿದೆ. ಇಪ್ಪತ್ತೈದು ವರ್ಷದ ಮೇಲೂ ಬೆರಳು ಮರೆತಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಅಕ್ಬರಬಿಯ ಸರದಿ ಬಂತು. ನಾನು ಇಲ್ಲಿ ದುಡಿಯುತ್ತಿದ್ದಾಗ ಪಕ್ಕದಲ್ಲಿ ಕೂರುತ್ತಿದ್ದವಳು ಅವಳೇ. ನಾನು ಮದುವೆಯಾಗಿ ಹೋದ ಮೇಲೆ ವರ್ಷಕ್ಕೊಮ್ಮೆ ಸಿಕ್ಕರೆ ಸಿಕ್ಕಳು. ಕಳೆದ ತಿಂಗಳು ನಾನು ಕೇಳಿದಾಗ ಅವಳು ‘ಇಲ್ಲ’ ಎಂದು ನನ್ನ ಮುಖ ನೋಡಿದ್ದು ನೆನಪಿತ್ತು. ನಾನು ಪೆನ್ನು ನೋಡಿಕೊಂಡು ಹನ್ನೆರಡನೆಯದಕ್ಕೆ ಹೋಗಿದ್ದೆ.

ಅವಳು ಏಳಲಿಲ್ಲ. ‘ಮಂಡಿ ಹಿಡದೈತಿ ಬೇಟಿ, ಇಲ್ಲೇ ಕೇಳು’ ಎಂದಳು.

‘ಅವ್ವಾ, ನೀ ಆ ಕಡೆ ಹೋಗು’ ಎಂದಳು ದೀಪಿಕಾ.

‘ಇರ್ಲಿ ಬಿಡು. ಆಕಿಗೂ ಕಾಣ್ಲಿ’ ಎಂದಳು ಅಕ್ಬರಬಿ.

ಹತ್ತು ಮಾತು ಮುಗಿದವು. ಹನ್ನೊಂದನೆಯದನ್ನು ದೀಪಿಕಾ ಬೇರೆಯವುಗಳ ಹಾಗೆಯೇ, ದನಿ ಏರಿಸದೆ ಇಳಿಸದೆ ಓದಿದಳು. ಅಕ್ಬರಬಿ ಐದೂ ತುಂಬನ್ನು ನೆಲದ ಮೇಲೆ ಒಂದರ ಪಕ್ಕ ಒಂದು ಇಟ್ಟಳು, ಸಾಲು ಸೊಟ್ಟಗಾಗದಂತೆ. ದೀಪಿಕಾ ಬರೆದುಕೊಂಡಳು. ಅವಳ ಮುಖದಲ್ಲಿ ಏನೂ ಕಾಣಲಿಲ್ಲ, ಕಾಣಬಾರದೆಂಬುದು ಅವರ ನಿಯಮ. ನನ್ನ ಮುಖಕ್ಕೆ ಆ ನಿಯಮ ತಿಳಿಯದು.

ಹಾಳೆ ಮುಗಿದ ಮೇಲೆ ನಾನು ಅವಳ ಗಂಡನ ಬಗ್ಗೆ ಕೇಳಿದೆ, ‘ಆಪಾ, ಮನ್ಯಾಗ ಯೂಸುಫಸಾಬ ಅದಾರಲ್ಲ?’

‘ಅದಾರವಾ. ಕಿವಿ ಪೂರಾ ಹೋಗೈತಿ. ಅಕ್ಕಿ ತರ್ರಿ ಅಂದ್ರೂ ಚೀರಬೇಕು. ಮನಸಿನ ಮಾತ ಚೀರಿ ಹೇಳೂದು ಹೆಂಗ, ಓಣಿಗೆಲ್ಲಾ ಕೇಳಸ್ತೈತಿ.’ ಅವಳು ನಕ್ಕಳು. ‘ಮೊನ್ನಿ ಒಮ್ಮಿ ಸಾಜಿಯಾಂದು ನೆನಪಾಗೈತಿ ಅಂತ ಕೂಗಿದ್ರ, ಬಾಜೂ ಮನಿಯಾಕಿ ಬಂದು, ನಮ್ಮ ಸಾಜಿಯಾಗ ಯಾಕ ಬೈತಿ ಅಂದ್ಲು. ಆಕಿ ಮಗಳ ಹೆಸರೂ ಅದ ಐತಿ.’

ನಾನೂ ನಕ್ಕೆ. ಅವಳ ಮಗಳು ಸಾಜಿಯಾ ಹೆರಿಗೆಯಲ್ಲಿ ತೀರಿಕೊಂಡು ಎರಡು ವರ್ಷ. ನನಗೆ ಸುದ್ದಿ ಬಂದಿತ್ತು. ಆಗ ಮನೆಯಲ್ಲಿ ಅತ್ತೆಯ ಆರೈಕೆ, ದೀಪಿಕಾಳ ಪರೀಕ್ಷೆ. ನಾಳೆ ಹೋದರಾಯಿತು ಎಂದುಕೊಂಡು ಹೋಗದೇ ಉಳಿದಿದ್ದೆ.

‘ನಾ ಆಗ ಬರಬೇಕಿತ್ತು, ಆಪಾ’ ಎಂದೆ.

‘ಬರಬೇಕಿತ್ತು’ ಎಂದಳು.

ಅವಳ ರಾಶಿಯಿಂದಲೇ ಒಂದು ಬೊಗಸೆ ಕಾಯಿಯನ್ನು ನನ್ನ ಕಡೆ ಎಳೆದುಕೊಂಡೆ. ಅವಳು ಹೇಳುತ್ತ ಹೋದಳು. ಆಸ್ಪತ್ರೆಯ ಬಾಗಿಲು, ಸಾಜಿಯಾ ಕೇಳಿದ ಬಿಸಿ ಚಹಾ, ಅದು ಬರುವಷ್ಟರಲ್ಲಿ ಆಗಿಹೋದದ್ದು. ದನಿ ಏರಿಸುವ ಅಗತ್ಯವಿರಲಿಲ್ಲ. ಸೆರಗಿನ ತುದಿಯಿಂದ ಅವಳು ಕಣ್ಣೊರೆಸಿಕೊಂಡಾಗ ಘಾಟು ತಾಗಿ ಇನ್ನಷ್ಟು ಉರಿಯಿತು. ನನ್ನ ಸೆರಗನ್ನು ನೀರಲ್ಲಿ ಅದ್ದಿ ಕೊಟ್ಟೆ.

ಆಚೆ ಕಡೆ ದೀಪಿಕಾ ಉಳಿದವರನ್ನು ಕೇಳಿ ಮುಗಿಸಿ, ಹಾಳೆ ಎಣಿಸಿ ಬಂದಳು. ಮೂವತ್ತೂ ಆಗಿದ್ದವು. ‘ನಾಲ್ಕೂವರಿ ಗಾಡಿಗೆ ಹೋಗೋಣ, ಅವ್ವಾ’ ಎಂದಳು.

‘ನೀ ಹೋಗು. ನಾ ಮುಂದಿನ ಗಾಡಿಗೆ ಬರತೇನಿ. ಡಬ್ಬ್ಯಾಗ ರೊಟ್ಟಿ ಅದಾವು.’

ನೆಲದ ಮೇಲೆ ಆ ಐದು ತುಂಬು ಹಾಗೇ ಸಾಲಾಗಿದ್ದವು. ಅಕ್ಬರಬಿ ಒಂದನ್ನು ಬೆರಳಿನಿಂದ ಈಚೆಗೆ ಸರಿಸಿ ದೀಪಿಕಾಳ ಮುಖ ನೋಡಿದಳು.

‘ಬೇಟಿ, ಈಗ ಒಂದ ತಗದ್ರ ನಡೀತೈತೇನು?’

ದೀಪಿಕಾ ಹಾಳೆಗಳನ್ನು ಎದೆಗೆ ಒತ್ತಿಕೊಂಡಳು. ‘ಕೇಳಿದ ಹೊತ್ತಿನಾಗ ಎಷ್ಟಿದ್ವೋ ಅಷ್ಟ ಬರಕೊಂಡೇನ್ರಿ, ದೊಡ್ಡವ್ವ. ಈಗ ತಿದ್ದಾಕ ಬರಂಗಿಲ್ಲ.’

‘ಹಂಗಾರ ಹಾಳ್ಯಾಗ ಐದ ಇರ್ಲಿ’ ಎಂದಳು ಅಕ್ಬರಬಿ. ಸರಿಸಿದ ತುಂಬನ್ನು ಎತ್ತಿ ಹಿಂದಿನ ತುಂಬಿನ ರಾಶಿಗೆ ಒಗೆದು, ನನಗೆ ಇನ್ನೊಂದು ಬೊಗಸೆ ಕಾಯಿ ದೂಡಿದಳು.