ಇರಲಿ ಎಂಬ ಗುರುತು

ಕೊಪ್ಪದ ಬಸ್‌ಸ್ಟ್ಯಾಂಡಿನ ಹಿಂದಿದ್ದ ಪ್ರೆಸ್ಸಿನಲ್ಲಿ ಶ್ರೀರಂಜನಿ ಇಪ್ಪತ್ತೊಂದು ವರ್ಷ ಕರಡು ತಿದ್ದಿದಳು. ಲಗ್ನಪತ್ರಿಕೆ, ವೈಕುಂಠ ಸಮಾರಾಧನೆಯ ಕಾಗದ, ಸೊಸೈಟಿಯ ವಾರ್ಷಿಕ ವರದಿ, ಕಾಲೇಜಿನ ಇಂಗ್ಲಿಷ್ ಸಂಚಿಕೆ, ಯಾವುದೂ ಅವಳ ಕೆಂಪು ಪೆನ್ನು ದಾಟದೆ ಅಚ್ಚಿಗೆ ಹೋಗುತ್ತಿರಲಿಲ್ಲ. ತಪ್ಪು ಅಂದರೆ ಅವಳಿಗೆ ಅನ್ನದಲ್ಲಿ ಸಿಕ್ಕ ಕಲ್ಲು. ಹೋಟೆಲಿಗೆ ಹೋದರೆ ಕಾಫಿ ಬರುವಷ್ಟರಲ್ಲಿ ಗೋಡೆಯ ಬೋರ್ಡಿನಲ್ಲಿ ಮೂರು ತಪ್ಪು ಹುಡುಕಿ, ಮಾಲೀಕನನ್ನು ಕರೆದು ತೋರಿಸಿ, ಅವನ ಮುಖ ಹುಳ್ಳಗಾದ ಮೇಲೇ ಲೋಟ ಎತ್ತುವವಳು. ಒಳ್ಳೆಯವಳೇ, ಪಾಪ. ಆದರೆ ಅವಳ ಎದುರು ಒಂದು ಚೀಟಿ ಬರೆಯಲಿಕ್ಕೂ ಊರವರು ಹೆದರುತ್ತಿದ್ದರು ಅನ್ನುವುದು ಸುಳ್ಳಲ್ಲ.

ಕರಡು ತಿದ್ದುವವರಿಗೆ ಒಂದು ಗುರುತು ಉಂಟು. ಹೊಡೆದುಹಾಕಿದ ಮಾತನ್ನು ಉಳಿಸಬೇಕು ಅನ್ನಿಸಿದರೆ ಅದರ ಕೆಳಗೆ ಸಾಲಾಗಿ ಚುಕ್ಕಿ ಇಟ್ಟು, ಅಂಚಿನಲ್ಲಿ ‘ಇರಲಿ’ ಎಂದು ಬರೆಯುವುದು. ಅಂದರೆ, ಹೊಡೆದದ್ದು ನನ್ನ ತಪ್ಪು, ಮೊದಲಿದ್ದದ್ದೇ ಇರಲಿ ಅಂತ. ಇಪ್ಪತ್ತೊಂದು ವರ್ಷದಲ್ಲಿ ಶ್ರೀರಂಜನಿ ಆ ಗುರುತನ್ನು ಒಮ್ಮೆಯೂ ಹಾಕಿರಲಿಲ್ಲ. ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದಳು ಬೇರೆ.

ಹೇಳಿಕೊಳ್ಳದೆ ಇದ್ದದ್ದು ತಂಗಿಯ ವಿಷಯ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟಿದ್ದ ಗಂಗಾಲಕ್ಷ್ಮಿಯನ್ನು ಶೃಂಗೇರಿ ಕಡೆಯ ಸಿರಿಮನೆ ಊರಿಗೆ ಕೊಟ್ಟಿತ್ತು. ಮದುವೆಯಾದ ಹೊಸತರಲ್ಲಿ ಅವಳು ಅಕ್ಕನಿಗೆ ನೀಲಿ ಇನ್‌ಲ್ಯಾಂಡ್ ಕಾಗದ ಬರೆಯುತ್ತಿದ್ದಳು. ಅತ್ತೆ ಉಪ್ಪಿನಕಾಯಿ ಭರಣಿ ಇಟ್ಟ ಕೋಣೆಗೆ ಬೀಗ ಹಾಕಿದ್ದು, ಗುಡ್ಡದಿಂದ ಧುಮುಕುವ ಅಬ್ಬಿಯ ಸದ್ದಿಗೆ ನಿದ್ದೆ ಬಾರದ್ದು, ಒಂದೂ ಬಿಡದೆ. ಶ್ರೀರಂಜನಿ ಮೂರು ಕಾಗದಗಳನ್ನು ಕೆಂಪಿನಲ್ಲಿ ತಿದ್ದಿ, ಕಲಿಯಲಿ ಎಂಬ ಪ್ರೀತಿಯಿಂದಲೇ, ಲಕೋಟೆಯಲ್ಲಿಟ್ಟು ವಾಪಸು ಕಳಿಸಿದಳು. ನಾಲ್ಕನೆಯದು ಬರಲಿಲ್ಲ. ಮಾರನೆಯ ವರ್ಷ ಗಂಗಾಲಕ್ಷ್ಮಿಗೆ ಏಳು ತಿಂಗಳಿಗೇ ಹೆರಿಗೆಯಾಗಿ ಮಗು ಉಳಿಯಲಿಲ್ಲ. ಅಕ್ಕನಿಗೆ ಅದು ಗೊತ್ತಾದದ್ದು ಎರಡು ತಿಂಗಳ ಮೇಲೆ, ಶೃಂಗೇರಿ ಬಸ್ಸಿನಲ್ಲಿ ಪಕ್ಕ ಕೂತ ಯಾರೋ ಹೇಳಿ. ಎದ್ದುಬಿದ್ದು ಓಡಿದಳು. ಒಂದು ಕಾಗದ ಹಾಕಬಾರದಿತ್ತೇ ಎಂದು ತಂಗಿಯನ್ನು ಹಿಡಿದುಕೊಂಡು ಅತ್ತಳು. ತಂಗಿ ಅಳಲಿಲ್ಲ, ತಲೆ ತಗ್ಗಿಸಿ ಕೂತಿದ್ದಳು.

“ಬರೆದ್ರೆ ತಪ್ಪಾಗ್ತದಲ್ಲ ಅಕ್ಕಯ್ಯ” ಅಂದಳು.

ದುಃಖದಲ್ಲಿ ಏನೋ ಅಂದಳು ಎಂದು ಶ್ರೀರಂಜನಿ ಅದನ್ನು ಅಲ್ಲಿಗೇ ಬಿಟ್ಟಳು. ಆಮೇಲೆ ಮನೆಗಳಿಗೆ ಫೋನ್ ಬಂತು. ಊಟ ಆಯ್ತಾ, ಮಳೆ ಉಂಟಾ ಎಂದು ಅಕ್ಕ ತಂಗಿ ಮಾತೂ ಆಡಿದರು. ಒಳಗಿನ ಮಾತು ಮಾತ್ರ ಹತ್ತೊಂಬತ್ತು ವರ್ಷದಿಂದ ನಿಂತೇ ಇತ್ತು. ಅದು ಶ್ರೀರಂಜನಿಯನ್ನು ಕೊರೆಯುತ್ತಿತ್ತು. ಕಾರಣ ಮಾತ್ರ ಅವಳಿಗೆ ಹೊಳೆದಿರಲಿಲ್ಲ. ಕಂಡವರ ತಪ್ಪೆಲ್ಲ ಕಾಣುವ ಕಣ್ಣಿಗೆ ತನ್ನದು ಕಾಣಬೇಕಲ್ಲ.

ಪ್ರೆಸ್ಸು ಮುಚ್ಚಿ ಎರಡು ವರ್ಷವಾಗಿತ್ತು. ಎರಡು ಸಾವಿರದ ಆರರಲ್ಲಿ, ಊರಿನಲ್ಲಿ ಕಂಪ್ಯೂಟರ್ ಕೆಲಸ ಶುರುಮಾಡಿದ್ದ ವಿಘ್ನೇಶ ಎಂಬವನು ಅವಳನ್ನು ಕರೆಸಿದ. ಮೆಡಿಕಲ್ ಶಾಪಿನ ಮೇಲಿನ ಎರಡು ಕೋಣೆ, ನಾಲ್ಕು ಕಂಪ್ಯೂಟರು, ಅದೇ ಅವನ ಆಫೀಸು. ಕಾಡಿನ ಉಣ್ಣಿ ಕಚ್ಚಿ ಬರುವ ಮಂಗನ ಕಾಯಿಲೆಗೆ ಲಸಿಕೆ ಹಾಕಿಸುವ ಒಂದು ಸೇವಾಸಂಸ್ಥೆಗೆ ಅಲ್ಲಿ ಪ್ರೋಗ್ರಾಂ ತಯಾರಾಗುತ್ತಿತ್ತು. ಯಾರಿಗೆ ಮೊದಲ ಸೂಜಿ ಆಯಿತು, ಎರಡನೆಯದು ಎಂದು, ನೆನಪಿನ ಚೀಟಿ ಯಾವ ಮನೆಗೆ ಹೋಗಬೇಕು, ಎಲ್ಲ ಅದರಲ್ಲಿ. ಅಷ್ಟನ್ನೂ ಬರೆದವಳು ರಮ್ಯ. ಕೆರೆಕಟ್ಟೆಯ ಹುಡುಗಿ, ಇಪ್ಪತ್ತಮೂರು ವರ್ಷ, ಎನ್.ಆರ್. ಪುರದಲ್ಲಿ ಕಂಪ್ಯೂಟರ್ ಕಲಿತವಳು. ಲೆಕ್ಕದಲ್ಲಿ ಹುಲಿ, ಇಂಗ್ಲಿಷಿನಲ್ಲಿ ಇಲಿ.

ವಿಘ್ನೇಶ ಕೆಲಸ ವಿವರಿಸಿದ. ಯಂತ್ರ ಓದುವ ಸಾಲುಗಳ ನಡುನಡುವೆ ಮನುಷ್ಯರಿಗಾಗಿ ಬರೆದ ಸಾಲುಗಳಿರುತ್ತವೆ, ಅವಕ್ಕೆ ಕಮೆಂಟು ಅನ್ನುತ್ತಾರೆ. ಯಂತ್ರ ಅವನ್ನು ದಾಟಿಕೊಂಡು ಹೋಗುತ್ತದೆ. ನಾಳೆ ಪ್ರೋಗ್ರಾಂ ನೋಡಿಕೊಳ್ಳುವವರಿಗೆ ಇಲ್ಲಿ ಏನು, ಯಾಕೆ ಎಂದು ತಿಳಿಯುವುದು ಅದರಿಂದಲೇ. ಸಂಸ್ಥೆಯವರು ಮುಂದಿನ ತಿಂಗಳು ಒಂದನೇ ತಾರೀಕಿಗೆ ಬರುತ್ತಾರೆ, ಡಾಕ್ಟರುಗಳೆಲ್ಲ ಇರುತ್ತಾರೆ, ರಮ್ಯಳ ಇಂಗ್ಲಿಷು ನೋಡಿ ನಗಬಾರದು, ಸ್ವಲ್ಪ ತಿದ್ದಿಕೊಡಿ ಎಂದ. ಸ್ವಲ್ಪ ತಿದ್ದುವುದು ಶ್ರೀರಂಜನಿಗೆ ಹುಟ್ಟಿದಂದಿನಿಂದ ಬಾರದು.

ಎಂಬತ್ತನಾಲ್ಕು ಹಾಳೆ ಪ್ರಿಂಟು ತೆಗೆಸಿಕೊಂಡು ಕೂತಳು. ಹಾಳೆ ತುಂಬ ಹುಡುಗಿ ಬಾಯಿಬಿಟ್ಟು ಮಾತಾಡಿದ್ದಳು. ಒಂದು ಕಡೆ ಹೀಗಿತ್ತು: ‘ಟು ನಾರಾಯಣ ಇನ್ ಒನ್ ಹೌಸ್. ಗ್ರ್ಯಾಂಡ್‌ಫಾದರ್ ನೇಮ್ ಪುಟ್ ಟು ಗ್ರ್ಯಾಂಡ್‌ಸನ್. ನಾಟ್ ಡಿಲೀಟ್. ಸ್ಮಾಲ್ ನಾರಾಯಣ ಗೋಯಿಂಗ್ ಫಾರೆಸ್ಟ್, ಹಿಮ್ ಮಸ್ಟ್ ಇಂಜೆಕ್ಷನ್. ಲೆಟರ್ ಗಿವ್ ವನಜಮ್ಮ ಹ್ಯಾಂಡ್.’ ಶಿವ ಶಿವಾ ಎಂದುಕೊಂಡು ಶ್ರೀರಂಜನಿ ಅಷ್ಟನ್ನೂ ಹೊಡೆದುಹಾಕಿ, ಒಂದೇ ಮನೆಯಲ್ಲಿ ಒಂದೇ ಹೆಸರಿನ ಇಬ್ಬರಿದ್ದಾರೆ ಎಂದು ಒಂದು ಸಾಲಿನ ಲಕ್ಷಣವಾದ ಇಂಗ್ಲಿಷ್ ಬರೆದಳು. ಉಳಿದದ್ದೆಲ್ಲ ಹೆಚ್ಚಿನದು ಅನ್ನಿಸಿತು. ನಾಲ್ಕು ದಿನದಲ್ಲಿ ಹಾಳೆಗಳು ಎಲೆಯಡಿಕೆಯ ಕವಳ ಉಗುಳಿದ ಅಂಗಳದ ಹಾಗೆ ಕೆಂಪಾದವು. ರಮ್ಯ ಅವನ್ನು ತೆಗೆದುಕೊಂಡು, ಥ್ಯಾಂಕ್ಸ್ ಅಕ್ಕ ಎಂದು ತನ್ನ ಜಾಗಕ್ಕೆ ಹೋದಳು.

ಹದಿನೈದು ದಿನದ ಮೇಲೆ ಉಳಿದ ಭಾಗದ ನಲವತ್ತು ಹಾಳೆ ಬಂತು. ಶ್ರೀರಂಜನಿ ಪೆನ್ನಿನ ಮುಚ್ಚಳ ತೆಗೆದು ಮೊದಲಿನಿಂದ ಕೊನೆಯವರೆಗೆ ನೋಡಿದಳು. ಒಂದೂ ತಪ್ಪಿಲ್ಲ. ಹುಡುಗಿ ಕಲಿತಳಲ್ಲ ಎಂದು ಖುಷಿಯೇ ಆಯಿತು. ಮತ್ತೊಮ್ಮೆ ನೋಡಿದಾಗ ಗೊತ್ತಾಯಿತು, ತಪ್ಪಿರಲಿಕ್ಕೆ ಅಲ್ಲಿ ಮನುಷ್ಯರ ಸಾಲೇ ಇರಲಿಲ್ಲ. ಎಲ್ಲ ಯಂತ್ರದ್ದು.

ವಿಘ್ನೇಶನೂ ಅದನ್ನು ಕಂಡು ರೇಗಿದ. ವಿವರ ಇಲ್ಲದಿದ್ದರೆ ಸಂಸ್ಥೆಯವರು ತಗೊಳ್ಳುವುದಿಲ್ಲ, ಇನ್ನು ಉಳಿದದ್ದು ಒಂಬತ್ತು ದಿನ, ಇವಳ ಕೈಲಾಗದಿದ್ದರೆ ಶಿವಮೊಗ್ಗದಿಂದ ಬೇರೆಯವರನ್ನು ಕರೆಸಿ ಇವಳನ್ನು ಮನೆಗೆ ಕಳಿಸುತ್ತೇನೆ ಎಂದ. ರಮ್ಯಳಿಗೂ ಕೇಳುವಂತೆಯೇ ಹೇಳಿದ. ಅವಳು ಕೀಬೋರ್ಡಿನ ಮೇಲೆ ಬೆರಳಿಟ್ಟುಕೊಂಡು ಹಾಗೇ ಕೂತಿದ್ದಳು. ಶ್ರೀರಂಜನಿ ಹತ್ತಿರ ಹೋಗಿ, ಯಾಕೆ ಮಾರಾಯ್ತಿ, ಮೊದಲು ಅಷ್ಟೆಲ್ಲ ಬರೆಯುತ್ತಿದ್ದವಳು ಈಗೆಂತ ಆಯ್ತು ಎಂದು ಕೇಳಿದಳು.

ರಮ್ಯ ತಲೆಯೆತ್ತಲಿಲ್ಲ. “ಬರೆದ್ರೆ ತಪ್ಪಾಗ್ತದೆ ಅಕ್ಕ.”

ಶ್ರೀರಂಜನಿ ಕೈಯಲ್ಲಿದ್ದ ಕೆಂಪು ಪೆನ್ನಿಗೆ ಮುಚ್ಚಳ ಹಾಕಿದಳು. ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತಳು. ಅದೇ ಮಾತು, ಅದೇ ತಗ್ಗಿದ ತಲೆ. ಹತ್ತೊಂಬತ್ತು ವರ್ಷದ ಹಿಂದೆ ಸಿರಿಮನೆಯ ಹಿತ್ತಲ ಜಗಲಿಯಲ್ಲಿ ತಂಗಿ ದುಃಖದಲ್ಲಿ ಏನೋ ಅಂದದ್ದಲ್ಲ, ಕೇಳಿದ್ದಕ್ಕೆ ನೆಟ್ಟಗೆ ಉತ್ತರ ಕೊಟ್ಟದ್ದು. ಎಡವಿದ ಕಾಲೇ ಎಡವುವುದು ಅನ್ನುತ್ತಾರೆ. ಮೊದಲು ಒಬ್ಬಳ ಬಾಯಿ ಮುಚ್ಚಿಸಿದೆ, ಈಗ ಇನ್ನೊಬ್ಬಳದು, ಎರಡು ಸಲವೂ ಒಳ್ಳೆಯದಾಗಲಿ ಅಂತಲೇ ಎಂದು ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು.

ಆಮೇಲೆ ಹಳೆಯ ಎಂಬತ್ತನಾಲ್ಕು ಹಾಳೆ ತರಿಸಿದಳು. ನಾರಾಯಣರ ಹಾಳೆ ತೆಗೆದು, ತಾನು ಹೊಡೆದುಹಾಕಿದ್ದನ್ನು ಓದಿದಳು. ಈ ಸಲ ಓದಿದ್ದು ಇಂಗ್ಲಿಷನ್ನಲ್ಲ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ಪದ್ಧತಿ ಗೊತ್ತಿಲ್ಲದವನು ಒಬ್ಬ ನಾರಾಯಣನನ್ನು ಅಳಿಸಿಬಿಡುತ್ತಾನೆ. ಕಾಡಿಗೆ ಹೋಗುವವನಿಗೆ ಸೂಜಿ ತಪ್ಪುತ್ತದೆ. ಚೀಟಿ ವನಜಮ್ಮನ ಕೈಗೇ ಸಿಗಬೇಕು, ಆ ಮನೆ ನಡೆಸುವವಳು ಅವಳು. ಇಷ್ಟೂ ಹುಡುಗಿಯ ಸಾಲಿನಲ್ಲಿತ್ತು. ಶ್ರೀರಂಜನಿಯ ಲಕ್ಷಣವಾದ ಸಾಲಿನಲ್ಲಿ ಯಾವುದೂ ಇರಲಿಲ್ಲ.

ಅವಳು ಆ ಸಾಲಿನ ಕೆಳಗೆ ಒಂದೊಂದಾಗಿ ಚುಕ್ಕಿ ಇಟ್ಟಳು. ಅಂಚಿನಲ್ಲಿ ‘ಇರಲಿ’ ಎಂದು ಬರೆದಳು. ರಮ್ಯ ಇಣುಕಿ, ಇದೆಂತ ಅಕ್ಕ ಎಂದು ಕೇಳಿದಳು. ಶ್ರೀರಂಜನಿ ಗುರುತಿನ ಅರ್ಥ ಹೇಳಿದಳು. ತನ್ನ ತಂಗಿಯ ಮೂರು ಕಾಗದದ ಕಥೆಯನ್ನೂ ಹೇಳಿದಳು, ಬಸ್ಸಿನಲ್ಲಿ ಗೊತ್ತಾದ ಮಗುವಿನ ಸಮೇತ. ಇಷ್ಟು ವರ್ಷ ಯಾರಿಗೂ ಹೇಳಿದ್ದಲ್ಲ.

“ನಿಂಗೆ ಗೊತ್ತಿದ್ದದ್ದು ನಂಗೆ ಗೊತ್ತಿರ್ಲಿಲ್ಲ ಕೂಸೇ” ಅಂದಳು. “ನೀ ಬರಿ. ನಾ ಕೇಳಿ ತಿಳ್ಕೊಳ್ತೆ.”

ಒಂಬತ್ತು ದಿನ ಇಬ್ಬರೂ ಒಂದೇ ಮೇಜಿನಲ್ಲಿ ಕೂತರು. ರಮ್ಯ ತನ್ನ ಇಂಗ್ಲಿಷಿನಲ್ಲಿ ಬರೆಯುವಳು, ಶ್ರೀರಂಜನಿ ಅರ್ಥ ಕೇಳಿ, ಅದರ ಕೆಳಗೆ ನೆಟ್ಟಗಿನ ಸಾಲು ಸೇರಿಸುವಳು. ಮೇಲಿನದನ್ನು ಮುಟ್ಟುತ್ತಿರಲಿಲ್ಲ. ಎರಡೆರಡು ಯಾಕೆ ಎಂದು ವಿಘ್ನೇಶ ಗೊಣಗಿದ. ಒಂದನೇ ತಾರೀಕಿಗೆ ಬಂದ ಡಾಕ್ಟರಮ್ಮ ನಾರಾಯಣರ ಸಾಲು ಓದಿ ನಕ್ಕಳು ನಿಜ. ನಕ್ಕು ಮುಗಿಸಿ, ಇಂಥವು ಇನ್ನೆಷ್ಟು ಮನೆ ಉಂಟು, ಕೂತು ಹೇಳಮ್ಮ ಎಂದು ರಮ್ಯಳ ಪಕ್ಕಕ್ಕೇ ಕುರ್ಚಿ ಎಳೆದುಕೊಂಡಳು. ಹುಡುಗಿಯ ಕೆಲಸ ಉಳಿಯಿತು.

ಆ ಸಂಜೆ ಶ್ರೀರಂಜನಿ ಪೋಸ್ಟಾಫೀಸಿಗೆ ಹೋಗಿ ಎರಡು ಇನ್‌ಲ್ಯಾಂಡ್ ಕಾಗದ ಕೊಂಡಳು. ಒಂದರಲ್ಲಿ ತಂಗಿಗೆ ಬರೆದಳು. ರಮ್ಯಳ ಸುದ್ದಿ, ‘ಇರಲಿ’ಯ ಸುದ್ದಿ, ನೀನು ಅವತ್ತು ಹೇಳಿದ್ದು ನನಗೆ ಇವತ್ತು ಕೇಳಿಸಿತು ಎಂಬುದು, ಆ ಮೂರು ಕಾಗದ ಕಳಿಸಿದರೆ ಉದ್ದಕ್ಕೂ ಚುಕ್ಕಿ ಇಟ್ಟುಕೊಡುತ್ತೇನೆ ಎಂಬುದು. ಬರೆದದ್ದನ್ನು ತಿರುಗಿ ಓದದೆ ಅಂಟಿಸಿದಳು. ಜೀವಮಾನದಲ್ಲಿ ಅವಳು ಹಾಗೆ ಮಾಡಿದ್ದು ಅದೇ ಮೊದಲು. ತಂಗಿ ಉತ್ತರ ಬರೆಯಲಿ ಎಂದು ಖಾಲಿ ಕಾಗದವನ್ನೂ ಒಂದು ಲಕೋಟೆಯಲ್ಲಿಟ್ಟು ಅದರ ಜೊತೆಗೇ ಅಂಚೆಗೆ ಹಾಕಿದಳು.

ಎಂಟು ದಿನ ಏನೂ ಬರಲಿಲ್ಲ. ಫೋನಿನಲ್ಲಿ ತಂಗಿ ಊಟ ಆಯ್ತಾ ಎಂದಷ್ಟೇ ಕೇಳಿದಳು. ಒಂಬತ್ತನೇ ದಿನ ಬಂತು, ಅದೇ ನೀಲಿ ಕಾಗದ, ಅಂಚಿನವರೆಗೂ ತುಂಬಿ. ಹಳೆಯ ಮೂರನ್ನು ಆವಾಗಲೇ ಬಚ್ಚಲ ಒಲೆಗೆ ಹಾಕಿದೆ, ಇನ್ನೆಲ್ಲಿಂದ ತರಲಿ ಎಂದು ಮೊದಲೇ ಬರೆದಿತ್ತು. ಆಮೇಲೆ ಅತ್ತೆ ಹೋದದ್ದು, ಮೊಣಕಾಲು ನೋವು, ಸಾಲು ಬಿಡದೆ. ಕೊನೆಯಲ್ಲಿ, ಜಾಗ ಸಾಲದೆ ಅಡ್ಡಕ್ಕೆ ಬರೆದದ್ದು ಹೀಗಿತ್ತು: ‘ಹೆಣ್ಣು ಮಗು ಅಕ್ಕಯ್ಯ. ಒಂದು ಹಗಲು ಇತ್ತು. ರಂಜನಿ ಅಂತ ಕರೆದೆ. ಯಾರಿಗೂ ಹೇಳಿಲ್ಲ.’

ಶ್ರೀರಂಜನಿ ಕಾಗದವನ್ನು ಎದೆಗೊತ್ತಿಕೊಂಡು ಗಟ್ಟಿಯಾಗಿ ಅತ್ತಳು. ಅತ್ತು ಮುಗಿಸಿ ಮತ್ತೆ ಓದಿದಳು, ಮತ್ತೆ ಓದಿದಳು. ಅದರಲ್ಲಿ ಎಷ್ಟು ತಪ್ಪಿತ್ತು ಎಂದು ಯಾರಾದರೂ ಕೇಳಿದರೆ ಅವಳಿಗೆ ಇವತ್ತಿಗೂ ಗೊತ್ತಿಲ್ಲ.