ಕಾಡಿನಿಂದ ಬಂದ ಮಾವ

"ಐವತ್ತೈದನೇ ಇಸವೀಲೇ ಹೇಳಿ ಕಳಿಸಿದ್ವಲ್ಲ," ಎಂದ ಅಧಿಕಾರಿ, ಪೆನ್ನಿನ ಮುಚ್ಚಳ ತಿರುಗಿಸುತ್ತ. "ಆಗಲೇ ಯಾಕೆ ಬರಲಿಲ್ಲ ನೀವು?"

ಏವಾಲ್ಡ್‌ಗೆ ಪ್ರಶ್ನೆ ಅರ್ಥವಾಗಲಿಲ್ಲ. ಕಾಡಿನಿಂದ ಹೊರಬಂದು ಎಂಟು ದಿನವಾಗಿತ್ತು. ಜನ ಆಡುವ ಮಾತು ಅವನಿಗೆ ಇನ್ನೂ ಒಂದು ಹೆಜ್ಜೆ ತಡವಾಗಿಯೇ ತಲುಪುತ್ತಿತ್ತು.

"ಯಾರ ಹತ್ರ ಹೇಳಿ ಕಳಿಸಿದ್ರಿ?"

"ನಿಮ್ಮ ಅಕ್ಕನ ಹತ್ರ. ನಾನೇ ಕರೆಸಿದ್ದೆ. ನೀವು ಕೂತಿರೋ ಕುರ್ಚೀಲೇ ಕೂತಿದ್ರು. ಕಾಡು ಸೇರಿದವರಿಗೆಲ್ಲ ಕ್ಷಮೆ ಆಗಿದೆ, ತಮ್ಮ ಬದುಕಿದ್ರೆ ಕರ್ಕೊಂಡು ಬನ್ನಿ, ಕೂದಲೂ ಕೊಂಕಲ್ಲ ಅಂದೆ. ಅವನು ಸತ್ತು ಯಾವ ಕಾಲ ಆಯ್ತು ಅಂತ ಅತ್ತುಬಿಟ್ರು ಪಾಪ. ನಾನೇ ಎದ್ದುಹೋಗಿ ನೀರು ತಂದುಕೊಟ್ಟೆ." ಅಧಿಕಾರಿ ಅವನನ್ನು ಮೇಲಿಂದ ಕೆಳಗೆ ನೋಡಿದ. "ಸುದ್ದಿ ತಲುಪಿರಲಿಲ್ಲ ಅನ್ನಿ."

"ಇರಬೇಕು," ಎಂದ ಏವಾಲ್ಡ್.

ಬೀದಿಗೆ ಬಂದು ಲಿಂಡನ್ ಮರದ ಕೆಳಗೆ ನಿಂತ ಮೇಲೆ ಲೆಕ್ಕ ಹೊಳೆಯಿತು. ಈಗ ಅರವತ್ತೊಂದು. ಅಂದರೆ ಆರು ಚಳಿಗಾಲ.

ಅವನು ಪಿಮೆಸೋ ಜೌಗಿನ ಕಾಡು ಸೇರಿದ್ದು ನಲವತ್ತಾರರಲ್ಲಿ, ಯುದ್ಧ ಗೆದ್ದ ಹೊಸ ಸರ್ಕಾರದವರು ತನ್ನನ್ನು ಹಿಡಿಯಲು ಬರುತ್ತಿದ್ದಾರೆಂಬ ಸುದ್ದಿ ಸಿಕ್ಕಿದ ದಿನ. ಜೊತೆಗಿದ್ದ ಇಬ್ಬರು ಗುಂಡೇಟಿಗೆ ಸತ್ತರು. ಆಮೇಲೆ ಒಬ್ಬನೇ. ಸ್ಪ್ರೂಸ್ ಮರದ ಬೇರಿನಡಿ ಮೈ ಚಾಚುವಷ್ಟು ಗುಳಿ ತೋಡಿ, ಮೇಲೆ ಪಾಚಿ ಹೊದಿಸಿದ. ಒಣಕಡ್ಡಿಯ ತೊಗಟೆ ಸುಲಿದು ಉರಿಸಿದರೆ ಹೊಗೆ ಏಳುವುದಿಲ್ಲವೆಂದು ಕಲಿತ. ಆ ಉರಿಯನ್ನೂ ಮಂಜು ಕವಿದ ದಿನ ಮಾತ್ರ ಹಚ್ಚಬೇಕು. ಹಿಮ ಬೀಳುತ್ತಿರುವಾಗಲೇ ಹೊರಗೆ ಹೋಗಿ, ಅದು ನಿಲ್ಲುವುದರೊಳಗೆ ಮರಳಬೇಕು, ಹೆಜ್ಜೆ ಮುಚ್ಚಿಹೋಗುತ್ತದೆ. ಮೊಲಕ್ಕೆ ತಂತಿಯ ಉರುಳು. ಏನೂ ಸಿಗದ ತಿಂಗಳಲ್ಲಿ ಪೈನ್ ಮರದ ಒಳತೊಗಟೆ ಕುಟ್ಟಿದ ಹಿಟ್ಟು. ಹುಳುಕು ಹಲ್ಲು ಮೂರನ್ನು ತಾನೇ ಕಿತ್ತುಕೊಂಡಿದ್ದ, ಸದ್ದು ಮಾಡದೆ.

ಅಕ್ಕ ಆಲ್ವೀನೆ ವಸಂತದಲ್ಲಿ ಒಮ್ಮೆ, ಹಣ್ಣು ಕೀಳುವ ನೆಪದಲ್ಲಿ ಶರತ್ಕಾಲದಲ್ಲಿ ಒಮ್ಮೆ ಬರುತ್ತಿದ್ದಳು. ಬುಟ್ಟಿಯ ಅಡಿಯಲ್ಲಿ ಉಪ್ಪು, ಬೆಂಕಿಪೊಟ್ಟಣ, ಉಣ್ಣೆಯ ಕಾಲುಚೀಲ ಇರುತ್ತಿದ್ದವು. ಜೊತೆಗೆ ಮಗುವಿನ ಸುದ್ದಿ. ಮಗು ಅವನದು, ಮೊದಲೆರಡು ವರ್ಷ ಅವನು ರಾತ್ರಿ ಕದ್ದು ಮನೆಗೆ ಹೋಗಿಬರುತ್ತಿದ್ದಾಗ ಆದದ್ದು. ನಲವತ್ತೊಂಬತ್ತರ ಮಾರ್ಚಿನಲ್ಲಿ ಅವನ ಹೆಂಡತಿ ಎರ್ನಾಳನ್ನು ಸೈಬೀರಿಯದ ರೈಲಿಗೆ ಹತ್ತಿಸಿದಾಗ, ತಾಯಿಗೆ ಜ್ವರವಿದ್ದ ಕಾರಣ ಆರು ತಿಂಗಳ ಕೂಸು ಹೆಲ್ಯು ಆಲ್ವೀನೆಯ ಮನೆಯಲ್ಲಿತ್ತು. ಎರ್ನಾ ಅಲ್ಲಿ ಎರಡನೆಯ ಚಳಿಗಾಲ ದಾಟಲಿಲ್ಲ. ಮಕ್ಕಳಿಲ್ಲದ ಆಲ್ವೀನೆ ಮತ್ತು ಅವಳ ಗಂಡ ಕಾರೆಲ್ ಕೂಸನ್ನು ತಮ್ಮದೆಂದು ಬರೆಸಿಕೊಂಡರು. ಮರುವರ್ಷ ಕಾರೆಲ್ ಮರ ಕಡಿಯುವಾಗ ಕೆಳಗೆ ಸಿಕ್ಕಿ ಸತ್ತ.

"ಹೊರಗೆ ಹೇಗಿದೆ ಅಕ್ಕ?" ಎಂದು ಏವಾಲ್ಡ್ ಪ್ರತಿ ಸಲ ಕೇಳುತ್ತಿದ್ದ.

"ಹಾಗೇ ಇದೆ. ಇನ್ನೂ ಹುಡುಕ್ತಿದಾರೆ. ಸದ್ಯಕ್ಕೆ ಬೇಡಪ್ಪ," ಎಂದು ಅವಳು ಪ್ರತಿ ಸಲ ಹೇಳುತ್ತಿದ್ದಳು.

ಕೊನೆಗೆ ಅವನನ್ನು ಹೊರಗೆ ತಂದವನು ಜೌಗು ಬಸಿಯಲು ಬಂದ ಅಗೆಯುವ ಯಂತ್ರದ ಚಾಲಕ. ಪೊದೆಯ ಮರೆಗೆಂದು ಬಂದ ಆ ಯುವಕ ಇವನನ್ನು ಕಂಡು ಕಿರುಚಲಿಲ್ಲ, ಓಡಲಿಲ್ಲ. ಪ್ಯಾಂಟಿನ ಗುಂಡಿ ಹಾಕಿಕೊಂಡು ಸಿಗರೇಟು ಚಾಚಿದ. "ಯಾರಿಗೆ ಹೆದರ್ಕೊಂಡಿದೀರ ತಾತ? ನಿಮ್ಮ ಥರದವರೆಲ್ಲ ಮನೆಗೆ ಹೋಗಿ, ಪೆನ್ಷನ್ ತಗೊಂಡು, ಕೆಲವರು ತೀರ್ಕೊಂಡೂ ಆಯ್ತು."

ತಾತನಿಗೆ ಆಗ ನಲವತ್ತೊಂದು.

ಆಲ್ವೀನೆಯ ಮನೆ ಪಟ್ಟಣದ ಹೊಸ ಕಟ್ಟಡದ ಮೂರನೆಯ ಮಹಡಿಯಲ್ಲಿತ್ತು. ಎರಡು ಕೋಣೆ, ಗ್ಯಾಸಿನ ಒಲೆ, ನಲ್ಲಿ ತಿರುಗಿಸಿದರೆ ಬಿಸಿನೀರು. ಬಾಗಿಲು ತೆರೆದು ಅವನನ್ನು ಕಂಡಾಗ ಅವಳು ಬಾಗಿಲಿನ ಚೌಕಟ್ಟು ಹಿಡಿದುಕೊಂಡಿದ್ದಳು. ಅದನ್ನು ಅವನು ಸಂತೋಷವೆಂದುಕೊಂಡಿದ್ದ. ಹಿಂದೆ ನಿಂತಿದ್ದ ಹುಡುಗಿಗೆ ಅವಳೇ ಹೇಳಿದಳು: "ಮಾವ ಕಣೇ. ನಿನ್ನ ಸೋದರಮಾವ."

ಕಚೇರಿಯಿಂದ ಬಂದ ದಿನ ಅವನು ಏನೂ ಹೇಳಲಿಲ್ಲ. ಅಕ್ಕ ಬಡಿಸಿದ ಆಲೂಗಡ್ಡೆ ತಿಂದ. ಮರುದಿನವೂ ಹೇಳಲಿಲ್ಲ. ಹದಿನೈದು ವರ್ಷ ಅವನು ಕಾಯುವುದನ್ನೇ ಕಸುಬು ಮಾಡಿಕೊಂಡಿದ್ದ. ತಾನೀಗ ಏನಕ್ಕೆ ಕಾಯುತ್ತಿದ್ದೇನೆಂಬುದು ಮಾತ್ರ ಅವನಿಗೂ ತಿಳಿದಿರಲಿಲ್ಲ.

ಮಂಚದ ಮೇಲೆ ನಿದ್ದೆ ಬರುತ್ತಿರಲಿಲ್ಲ. ಬಾಗಿಲ ಬಳಿ ಕೋಟು ಹಾಸಿ ಮಲಗುತ್ತಿದ್ದ. ಮೆಟ್ಟಿಲ ಮೇಲೆ ಸದ್ದಿಲ್ಲದೆ ಬಂದು ಬೆನ್ನ ಹಿಂದೆ ನಿಲ್ಲುತ್ತಾನೆಂದು ಎರಡನೆಯ ಮಹಡಿಯ ಹೆಂಗಸು ದೂರು ಕೊಟ್ಟಳು. "ಕೆಮ್ಮಿಕೊಂಡಾದ್ರೂ ಬಾರೋ," ಎಂದಳು ಆಲ್ವೀನೆ. ಅಂದಿನಿಂದ ಅವನು ಪ್ರತಿ ತಿರುವಿನಲ್ಲಿ ಕೆಮ್ಮುತ್ತ ಹತ್ತಿದ. ಪೀಠೋಪಕರಣ ಕಾರ್ಖಾನೆಯ ಬಾಯ್ಲರ್ ಕೋಣೆಯಲ್ಲಿ ಕೆಲಸ ಸಿಕ್ಕಿತು. ದಿನವಿಡೀ ಕಲ್ಲಿದ್ದಲು ತುಂಬುವುದು. ಮೊದಲ ದಿನ ಅಂಗಳಕ್ಕೆ ಬಂದು ಚಿಮಣಿ ನೋಡಿದಾಗ ಅವನು ಗೋಡೆಯ ಮರೆಗೆ ಸರಿದು ನಿಂತ. ತಾನು ಹಚ್ಚಿದ ಬೆಂಕಿಯ ಕಪ್ಪು ಹೊಗೆ ಇಡೀ ಪಟ್ಟಣಕ್ಕೆ ಕಾಣುವಂತೆ ಏಳುತ್ತಿತ್ತು.

"ಏನೋ ಕರಡಿ, ಚಳಿಗಾಲ ಬಂತಲ್ಲ, ಮಲಗೋಕೆ ಹೋಗಲ್ವಾ?" ಎಂದು ಜೊತೆಗಾರ ವೋಲ್ಡೆಮಾರ್ ನಗುತ್ತಿದ್ದ. ಒಳ್ಳೆಯವನೇ. ಏವಾಲ್ಡ್ ಉಳಿದ ರೊಟ್ಟಿಯನ್ನು ಗೋಡೆಯ ಸಂದಿಯಲ್ಲಿ ಬಚ್ಚಿಡುವುದನ್ನು ಕಂಡೂ ಯಾರಿಗೂ ಹೇಳಿರಲಿಲ್ಲ.

ಹೆಲ್ಯು ಅವನ ಎದುರು ಕೂತು ಉಣ್ಣುತ್ತಿರಲಿಲ್ಲ. ಅವನು ಎರಡು ಕೈಯಿಂದ ತಟ್ಟೆಯನ್ನು ಬಳಸಿ ಹಿಡಿದು ತಿನ್ನುವುದು ಅವಳಿಗೆ ಹೇಸಿಗೆ. ಕಾಡು ಸೇರಿದವರನ್ನೆಲ್ಲ ಊರವರು ಡಕಾಯ್ತರೆನ್ನುತ್ತಿದ್ದರು; ಶಾಲೆಯಲ್ಲಿ ಅವಳನ್ನು 'ಡಕಾಯ್ತನ ಸೋದರಸೊಸೆ' ಎಂದು ಕರೆಯಲಾರಂಭಿಸಿದ್ದರು. ಒಮ್ಮೆ ಅವನು ಮೊಲದ ಉರುಳು ಹೆಣೆಯುವುದನ್ನು ತೋರಿಸಲು ಹೋದ. ಅವನಿಗೆ ಗೊತ್ತಿದ್ದದ್ದು ಅದೊಂದೇ. ಹುಡುಗಿ ತಂತಿಯನ್ನು ನೋಡಿ, "ಅಂಗಡೀಲಿ ಮಾಂಸ ಸಿಗುತ್ತೆ ಮಾವ," ಎಂದು ಎದ್ದುಹೋದಳು. ಅವಳ ಕತ್ತಿನ ಹಿಂಭಾಗದಲ್ಲಿ ಎರ್ನಾಳಿಗಿದ್ದಂತೆಯೇ ಕೂದಲು ಸುಳಿಯಾಗಿ ತಿರುಗಿತ್ತು.

ಫೆಬ್ರವರಿಯ ಒಂದು ಭಾನುವಾರ ಬೆಳಗ್ಗೆ ಆಲ್ವೀನೆ ರೈ ಹಿಟ್ಟು ನಾದುತ್ತಿದ್ದಳು. ಹೆಲ್ಯು ಕೆಳಗಿನ ಮನೆಗೆ ಹೋಗಿದ್ದಳು. ಅಡಿಗೆಮನೆಯ ಸ್ಟೂಲಿನ ಮೇಲೆ ಕೂತಿದ್ದ ಏವಾಲ್ಡ್, ಹವೆಯ ಮಾತಾಡುವವನಂತೆ ಹೇಳಿದ:

"ಐವತ್ತೈದರಲ್ಲಿ ನಿನ್ನನ್ನ ಆಫೀಸಿಗೆ ಕರೆಸಿದ್ರಂತೆ."

ಅವಳ ಕೈ ನಿಲ್ಲಲಿಲ್ಲ. "ಯಾವಾಗ ಗೊತ್ತಾಯ್ತು?"

"ಸೆಪ್ಟೆಂಬರಲ್ಲಿ."

"ಐದು ತಿಂಗಳಿಂದ ನಾನು ಹಾಕಿದ್ದು ತಿಂದ್ಕೊಂಡು ಸುಮ್ನಿದ್ಯಾ?"

"ನೀನು ಆರು ವರ್ಷ ಸುಮ್ನಿದ್ದೆ."

ಅವಳು ಹಿಟ್ಟನ್ನು ಮಗುಚಿ ಬಡಿದಳು. ಮತ್ತೆ ಬಡಿದಳು.

"ನಾನು ಸತ್ತೆ ಅಂತ ಅತ್ತಿದ್ಯಂತೆ."

"ಅತ್ತಿದ್ದೆ. ಸುಳ್ಳು ಅಳು ಅಲ್ಲ ಅದು."

"ಐವತ್ತೇಳರ ಚಳೀಲಿ ಕಾಲ್ಬೆರಳು ಎರಡು ಕೊಳೆತುಹೋದ್ವು. ಚಾಕು ಕಾಯಿಸಿ ನಾನೇ ಕತ್ತರಿಸ್ಕೊಂಡೆ. ವಸಂತದಲ್ಲಿ ಬಂದು ನೀನೇ ಆ ಕಾಲು ತೊಳೆದೆ. ಆವಾಗ್ಲಾದ್ರೂ ಹೇಳ್ಬಹುದಿತ್ತಲ್ಲ ಅಕ್ಕ?"

"ಬಾಯಿಗೆ ಬಂದಿತ್ತು." ಅವಳು ಹಿಟ್ಟನ್ನು ಮತ್ತೆ ಒಟ್ಟುಗೂಡಿಸಿದಳು. "ಅಷ್ಟರಲ್ಲಿ ನೀನು, ಮಗು ಹೇಗಿದೆ ಅಂದೆ. ನುಂಗ್ಬಿಟ್ಟೆ."

"ಯಾಕೆ?"

"ನೀನು ಹೊರಗೆ ಬಂದಿದ್ರೆ ಅವಳನ್ನ ಕೇಳ್ತಿರಲಿಲ್ವಾ?"

"ಕೇಳ್ತಿದ್ದೆ. ನನ್ನ ಮಗಳು ಅವಳು."

"ಅಷ್ಟೇ ಮತ್ತೆ." ಆಲ್ವೀನೆ ಮೊದಲ ಬಾರಿಗೆ ತಲೆಯೆತ್ತಿದಳು. "ನೀನು ಕಾಡಲ್ಲಿ ಬದುಕೋದು ಕಲ್ತಿದ್ದೆ. ನಂಗೆ ಅವಳಿಲ್ದೆ ಬದುಕೋದು ಬರಲ್ಲ ಕಣೋ. ಬಯ್ಯಿ. ಬೇಕಾದ್ರೆ ಹೊಡಿ."

ಅವನ ಕೈ ಮೇಲೇಳಲಿಲ್ಲ. ಹೊಡೆಯಬೇಕೆನಿಸಿತ್ತು ನಿಜ. ಆದರೆ ಆರು ವರ್ಷಕ್ಕೆ ಎಷ್ಟು ಹೊಡೆದರೆ ಸಾಕು?

"ಇವತ್ತು ಅವಳಿಗೆ ಹೇಳ್ತೀನಿ," ಎಂದ. "ಬಂದ ತಕ್ಷಣ. ನಿನ್ನೆದುರಿಗೇ."

ಆಲ್ವೀನೆ ಬೇಡ ಎನ್ನಲಿಲ್ಲ. ಹಿಟ್ಟಿನಲ್ಲಿ ಮಣಿಕಟ್ಟಿನವರೆಗೆ ಕೈ ಹುದುಗಿಸಿ ನಿಂತಳು.

ಮೆಟ್ಟಿಲ ಮೇಲೆ ಓಡುವ ಸದ್ದು ಕೇಳಿತು. ಹೆಲ್ಯು ಕೆಂಪಗಾದ ಕೆನ್ನೆಯೊಡನೆ ಒಳಗೆ ನುಗ್ಗಿದಳು. ಕೈಯಲ್ಲಿ ಒಂದು ಹಾಳೆ, ಪೆನ್ನು, ಮಸಿಕುಡಿಕೆ.

"ಅಮ್ಮ, ಮರ್ತೇ ಹೋಗಿತ್ತು! ಹಾಡಿನ ಮೇಳದ ಫಾರಂ. ನಾಳೆ ಕೊಡದಿದ್ರೆ ಟಾಲಿನ್‌ಗೆ ಕರ್ಕೊಂಡು ಹೋಗಲ್ವಂತೆ. ದೊಡ್ಡೋರೇ ಬರೀಬೇಕಂತೆ." ತಾಯಿಯ ಕೈ ನೋಡಿ ಮುಖ ಸಪ್ಪೆ ಮಾಡಿದಳು. ಒಂದು ಗಳಿಗೆ ತಡೆದು, ಹಾಳೆಯನ್ನು ಏವಾಲ್ಡ್‌ನ ಮುಂದೆ ಇಟ್ಟಳು. "ಮಾವ, ನಿಮಗೆ ಬರೆಯೋಕೆ ಬರುತ್ತಲ್ವಾ?"

"ಬರುತ್ತೆ."

ಅವಳು ಇನ್ನೊಂದು ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತಳು. ಬಂದಾಗಿನಿಂದ ಅಷ್ಟು ಹತ್ತಿರ ಕೂತದ್ದು ಅದೇ ಮೊದಲು. ಕೂದಲಿಂದ ಸಾಬೂನಿನ ವಾಸನೆ ಬರುತ್ತಿತ್ತು. ಹೆಸರು, ಹುಟ್ಟಿದ ದಿನ, ತಾಯಿಯ ಹೆಸರು ಎಂದು ಅವಳು ಒಂದೊಂದಾಗಿ ಓದಿದಳು. ಅವನು ಬರೆದ. 'ಆಲ್ವೀನೆ' ಎಂದು ಬರೆಯುವಾಗ ಪೆನ್ನು ಕಾಗದವನ್ನು ಕೊಂಚ ಹರಿಯಿತು.

"ಮೆತ್ತಗೆ ಮಾವ! ಮುಂದಿಂದು, ತಂದೆಯ ಹೆಸರು."

ಆಲ್ವೀನೆ ಗೋಡೆಯ ಕಡೆ ಮುಖ ಮಾಡಿದ್ದಳು.

ಏವಾಲ್ಡ್ ಪೆನ್ನನ್ನು ಮಸಿಯಲ್ಲಿ ಅದ್ದಿದ. ಅಂಚಿಗೆ ಒರೆಸಿದ. "ಯಾರ್‍ಯಾರು ಹೋಗ್ತಿದೀರ ಟಾಲಿನ್‌ಗೆ?" ಎಂದು ಕೇಳಿದ.

"ನಮ್ಮ ಶಾಲೆಯಿಂದ ನಾಲ್ಕೇ ಜನ. ನನ್ನನ್ನ ಕೈಬಿಡಬೇಕು ಅಂತಿದ್ರು. ಅದೇ, ಮನೇಲಿ ನೀವಿದೀರಲ್ಲ..." ಹುಡುಗಿ ನಿಲ್ಲಿಸಿ ಮಸಿಕುಡಿಕೆ ತಿರುಗಿಸಿದಳು. "ಅಪ್ಪ ಕಾಡಿನ ಕೆಲಸದಲ್ಲಿ ಸತ್ತವರು, ಮನೇಲಿ ಬೇರೆ ಯಾರೂ ಇಲ್ಲ ಅಂತ ಬರೆದ್ರೆ ಸರಿ ಹೋಗುತ್ತೆ ಅಂದ್ರು ಟೀಚರ್. ಅಪ್ಪನ ಹೆಸರು ಗೊತ್ತಲ್ಲ ನಿಮಗೆ?"

"ಗೊತ್ತು."

ಅವನು ಬರೆದ. ಕಾರೆಲ್. ಎದುರಿನ ಅಂಕಣದಲ್ಲಿ: ಮೃತ.

"ಮನೆಯಲ್ಲಿರುವ ಇತರರು," ಎಂದು ಹೆಲ್ಯು ತಗ್ಗಿದ ದನಿಯಲ್ಲಿ ಓದಿದಳು. "ಅದು... ಅದಕ್ಕೆ ಗೆರೆ ಹಾಕ್ಬಿಡಿ ಮಾವ. ಬೇಜಾರಿಲ್ಲ ಅಲ್ವಾ?"

"ಕಾರ್ಖಾನೆಯ ಹಾಸ್ಟೆಲ್‌ನಲ್ಲಿ ಮಂಚ ಖಾಲಿ ಇದೆಯಂತೆ," ಎಂದ ಏವಾಲ್ಡ್. "ನಾಳೆ ಕೇಳ್ತೀನಿ." ಅಂಕಣದ ಈ ತುದಿಯಿಂದ ಆ ತುದಿಗೆ ನೇರವಾದ ಗೆರೆ ಎಳೆದ.

ಹಿಂದೆ ಹಿಟ್ಟು ನಾದುವ ಸದ್ದು ಮತ್ತೆ ಶುರುವಾಯಿತು. ಅವನು ಆ ಕಡೆ ತಿರುಗಲಿಲ್ಲ. ಹಾಳೆ ಎತ್ತಿಕೊಳ್ಳಲು ಬಂದ ಹುಡುಗಿಗೆ, "ತಾಳು, ಒದ್ದೆ ಇದೆ," ಎಂದ. ಹೆಲ್ಯು ಮೇಜಿನ ಮೇಲೆ ಬಾಗಿ, ತುಟಿ ಚೂಪು ಮಾಡಿ, ಹೊಳೆಯುತ್ತಿದ್ದ ಮಸಿಯ ಮೇಲೆ ಮೆಲ್ಲನೆ ಊದಿದಳು. ಪಕ್ಕದಲ್ಲೇ ಇದ್ದ ಅವನ ಕೈಗೂ ಆ ಉಸಿರು ತಾಗುತ್ತಿತ್ತು. ಮಸಿ ಆರುವವರೆಗೂ ಅವನು ಕೈ ತೆಗೆಯಲಿಲ್ಲ.