ಸೋತವರ ಸಹಿ

ಎಲ್ಬರ್ಟ್ ಸ್ಟ್ರೌಡ್ ಯಾವ ಕಾಗದವನ್ನೂ ಮೊದಲು ಮುಂಬದಿಯಿಂದ ಓದಿದವನಲ್ಲ. ಕೈಗೆ ಬಂದದ್ದು ಚರ್ಚಿನ ಸುತ್ತೋಲೆಯಾಗಿರಲಿ, ಔಷಧದ ಚೀಟಿಯಾಗಿರಲಿ, ಅದನ್ನು ಮಗುಚಿ, ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು, ಲೇಖನಿಯ ಮೊನೆ ಒತ್ತಿದ ಕಡೆ ಹಿಂಬದಿಯಲ್ಲಿ ಮೂಡುವ ಸಣ್ಣ ಏರುತಗ್ಗುಗಳನ್ನು, ನಿದ್ರಿಸುವ ಕೂಸಿನ ಉಸಿರನ್ನು ಗಮನಿಸುವವನಂತೆ, ಕಣ್ಣು ಕಿರಿದು ಮಾಡಿ ನೋಡುತ್ತಿದ್ದ. ರಬ್ಬರ್ ಮೊಹರಿಗೆ ಭಾರವಿಲ್ಲ, ಮನುಷ್ಯನ ಕೈಗೆ ಮಾತ್ರ ಭಾರವಿದೆ ಎಂಬುದು ಅವನ ಸಿದ್ಧಾಂತ. "ನಮ್ಮ ಮದುವೆ ಪತ್ರಾನೂ ತಿರುಗಿಸಿ ನೋಡಿದ್ದ, ಪಾದ್ರಿ ಎದುರಿಗೇ," ಎಂದು ಅವನ ಹೆಂಡತಿ ಹೆಟ್ಟಿ ನಮ್ಮೂರ ಹೆಂಗಸರನ್ನು ನಲವತ್ತು ವರ್ಷ ನಗಿಸಿದ್ದಳು.

ಒಹಾಯೊ ನದಿಯ ದಡದ ನಮ್ಮ ಕ್ಯಾಲ್ಡರ್ಸ್ ಲ್ಯಾಂಡಿಂಗ್‌ನಲ್ಲಿ ಅವನನ್ನು ದೂರದಿಂದಲೇ ಗುರುತಿಸಬಹುದಿತ್ತು. ಮೂವತ್ತೊಂದು ವರ್ಷ ಓಡುವ ರೈಲಿನ ಅಂಚೆ ಬೋಗಿಯಲ್ಲಿ ನಿಂತು ಕಾಗದ ವಿಂಗಡಿಸಿದವನಾದ್ದರಿಂದ, ನಿವೃತ್ತನಾದ ಮೇಲೂ, ಗಟ್ಟಿ ನೆಲ ಯಾವ ಕ್ಷಣದಲ್ಲಾದರೂ ತಿರುವಿನಲ್ಲಿ ವಾಲೀತು ಎಂಬ ಶಂಕೆಯಿಂದ ಕಾಲುಗಳನ್ನು ಅಗಲಿಸಿ ನಡೆಯುತ್ತಿದ್ದ. ಬೇಸಿಗೆಯಲ್ಲೂ ಬಿಡದ ಕಂದು ಕೋಟಿನ ಒಳಬದಿಯಲ್ಲಿ, ಮಡಿಸದ ಕಾಗದ ಹಿಡಿಸುವಷ್ಟು ಉದ್ದದ ಜೇಬನ್ನು ಹೆಟ್ಟಿ ಹೊಲಿದುಕೊಟ್ಟಿದ್ದಳು. ಏನು ಕೇಳಿದರೂ "ಇರಬಹುದು, ಇರದೇನೂ ಇರಬಹುದು" ಎನ್ನುವನು. ಮಳೆ ಬರುತ್ತದೆಯೇ ಎಂದರೂ ಅದೇ, ದೇವರಿದ್ದಾನೆಯೇ ಎಂದರೂ ಅದೇ. ಸಹಿಯ ವಿಷಯ ಬಂದಾಗ ಮಾತ್ರ ಹೌದು ಅಥವಾ ಇಲ್ಲ.

ಅವನು ಕೂಡಿಸುತ್ತಿದ್ದುದು ಇಪ್ಪತ್ತನೆಯ ಶತಮಾನದ ಮೊದಲ ದಶಕಗಳ ರಾಜಕಾರಣಿಗಳು ಸಹಿ ಮಾಡಿದ ಪತ್ರಗಳನ್ನು. ಅಧ್ಯಕ್ಷರಾದವರ ಪತ್ರಗಳು ಅವನ ಕೈಗೆಟುಕುವಂಥವಲ್ಲ, ಎಟುಕಿದ್ದರೂ ಕೊಳ್ಳುತ್ತಿರಲಿಲ್ಲ. ಅವನಿಗೆ ಬೇಕಾದವರು ಸೋತವರು. ಚುನಾವಣೆಗೆ ಮುಂಚೆ ಎಲ್ಲರ ಸಹಿಯೂ ಮೆರವಣಿಗೆಯ ಕುದುರೆ, ಸೋತ ವಾರದಲ್ಲಿ ಮಾತ್ರ ಕೈ ತನ್ನ ನಿಜವಾದ ನಡಿಗೆಯನ್ನು ನಡೆಯುತ್ತದೆ ಎನ್ನುತ್ತಿದ್ದ. ಕ್ಷೌರದಂಗಡಿಯ ಕ್ಲೀಟಸ್ ಬಿಡುತ್ತಾನೆಯೇ? "ಏನಪ್ಪಾ ಎಲ್ಬರ್ಟ್, ನಾನೂ ಒಂದ್ಸಲ ಕೌನ್ಸಿಲ್‌ಗೆ ನಿಂತು ಸೋತಿದೀನಿ. ನನ್ ಕಾಗದ ಯಾಕೆ ಕೊಳ್ಳಲ್ಲ?" "ನೀನು ಬರೆದಿದ್ದು ಬರೀ ಕಟಿಂಗ್ ದರ ಕಣಯ್ಯಾ."

ಮಧ್ಯಾಹ್ನಗಳಲ್ಲಿ, ನದಿಯ ಮಂಜು ಇನ್ನೂ ಪೂರ್ತಿ ಕರಗದೆ ಕಿಟಕಿಯ ಗಾಜಿಗೆ ಹಾಲಿನಂಥ ಬೆಳಕನ್ನು ಸವರಿರುವಾಗ, ಅವನು ಆಲ್ಬಮ್ ತೆರೆದು ಕೂರುತ್ತಿದ್ದ. ಕಂದಿದ ಮಸಿಯ ಒಂದೊಂದು ಬಳುಕಿನ ಹಿಂದೆ ಒಂದೊಂದು ಕೋಣೆ ತೆರೆದುಕೊಳ್ಳುತ್ತಿತ್ತು: ಕಾಲರ್ ಬಿಚ್ಚಿ ಕುಳಿತ ಯಾರೋ, ಕೆಳಗಿನ ಬೀದಿಯಲ್ಲಿ ಬೇರೊಬ್ಬರಿಗಾಗಿ ಬಾರಿಸುವ ಬ್ಯಾಂಡು, ಆರಿದ ಕಾಫಿ. ಹೆಟ್ಟಿ ಎರಡು ಸಲ ಕರೆದ ಮೇಲೆ, ಬಹುದೂರದ ನಿಲ್ದಾಣದಲ್ಲಿ ಇಳಿದವನಂತೆ ತಲೆ ಎತ್ತುತ್ತಿದ್ದ.

ಆಲ್ಬಮ್ಮಿನ ಮೊದಲ ಪುಟದಲ್ಲಿದ್ದುದು ರಾಜ್ಯ ಸೆನೆಟರ್ ಆಲ್ಡೆನ್ ಪ್ರಾಥರನ ಪತ್ರ. ಸಾವಿರದ ಒಂಬೈನೂರ ಹನ್ನೆರಡರಲ್ಲಿ ಗವರ್ನರ್ ಹುದ್ದೆಗೆ ನಿಂತು ಸೋತ ಈತ, ಸೋತ ಮರುತಿಂಗಳು ಬ್ರಿಜಿಡ್ ಡೆಲಾನಿ ಎಂಬ ವಿಧವೆಗೆ ಬರೆದದ್ದು. ಅವಳ ಗಂಡ ಕಲ್ಲಿದ್ದಲ ಗಣಿಯ ಸ್ಫೋಟದಲ್ಲಿ ಸತ್ತಿದ್ದ. ಬೆಂಕಿ ಆರಿಸಲೆಂದು ಕಂಪೆನಿ ಗಣಿಯ ಬಾಯನ್ನೇ ಮುಚ್ಚಿ, ಹೆಣಗಳನ್ನು ಒಳಗೆ ಬಿಟ್ಟಿತ್ತು. ಟೈಪ್‌ರೈಟರಿನಲ್ಲಿ ಹೊಡೆದ ನಾಲ್ಕು ಸಾಲು, ಸಹಿ, ಅದರ ಕೆಳಗೆ ಕೈಬರಹದಲ್ಲಿ: "ಸೋತದ್ದು ನಾನು, ನೀವಲ್ಲ. ಆ ಬಾಯಿ ತೆರೆಯುವ ತನಕ ಕೇಳುತ್ತಲೇ ಇರುತ್ತೇನೆ." ಹರಾಜಿನಲ್ಲಿ ಪ್ರಾರ್ಥನೆ ಪುಸ್ತಕಗಳ ಪೆಟ್ಟಿಗೆಯೊಂದರಲ್ಲಿ ಸಿಕ್ಕ ಇದನ್ನು ಹನ್ನೊಂದು ವರ್ಷ ಅವನು ದೇವರ ಪಟದಂತೆ ಕಾಪಾಡಿದ್ದ.

ಆ ಶರತ್ಕಾಲದಲ್ಲಿ ಹಳೆಯ ಕಾಗದಗಳ ಒಬ್ಬ ವ್ಯಾಪಾರಿ, ಪ್ರಾಥರನ ಕಚೇರಿಯ ಕಾರ್ಯದರ್ಶಿ ಐಡಾ ಕಾಯ್ಲ್ ತನ್ನ ತಂಗಿಗೆ ಬರೆದ ಪತ್ರಗಳ ಕಟ್ಟೊಂದನ್ನು ಕಳಿಸಿದ. ಮೊದಲ ಸಾಲಿಗೇ ಎಲ್ಬರ್ಟನ ಬೆರಳು ನಿಂತುಬಿಟ್ಟಿತು. ಆಲ್ಬಮ್ಮಿನ ಮೊದಲ ಪುಟದ ಅದೇ ಬಳುಕು, ಅದೇ ಒತ್ತು. ನಾಲ್ಕನೆಯ ಪತ್ರದಲ್ಲಿ ಅವಳೇ ಬರೆದಿದ್ದಳು: "ಇವತ್ತೂ ಸೆನೆಟರ್ ಹಾಸಿಗೆ ಬಿಟ್ಟೇಳಲಿಲ್ಲ. ನಲವತ್ತೊಂದು ಕಾಗದಗಳಿಗೆ ನಾನೇ ಸಹಿ ಹಾಕಿದೆ."

ಮೂರು ದಿನ ಅವನು ಊಟವನ್ನು ಕೆದಕಿ ಎದ್ದ. ನಾಲ್ಕನೆಯ ದಿನ, ವಿಧಿಯೇ ಹೊಂಚಿದಂತೆ, ಬ್ರಿಜಿಡ್‌ಳ ಮಗಳು ನೋರಾಳ ಪತ್ರ ಬಂತು. ಅವನ ಸಂಗ್ರಹದ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ್ದಳಂತೆ. ಅಮ್ಮ ತೀರಿದಾಗ ಗೊತ್ತಿಲ್ಲದೆ ಪೆಟ್ಟಿಗೆಯ ಜೊತೆ ಮಾರಿಹೋದ ಕಾಗದವನ್ನು ಒಂದು ಸಲ ನೋಡಬೇಕಂತೆ.

"ಹೇಳ್ಬೇಡ ಎಲ್ಬರ್ಟ್," ಎಂದಳು ಹೆಟ್ಟಿ. "ಎಪ್ಪತ್ತು ವರ್ಷದ ಮುದುಕಿ. ನೋಡ್ಲಿ, ಅತ್ಕೊಳ್ಲಿ, ಹೋಗ್ಲಿ."

"ಅದು ಅವನ ಸಹಿ ಅಲ್ಲ, ಹೆಟ್ಟಿ."

"ಅವಳಿಗೆ ಹೌದಲ್ಲ."

ಭಾನುವಾರ ಮಧ್ಯಾಹ್ನ ನೋರಾ ಡೆಲಾನಿ ಬಟ್ಟೆಯಲ್ಲಿ ಸುತ್ತಿದ ಸೇಬಿನ ಪೈ ಹಿಡಿದು ಬಂದಳು. ಜೀವಮಾನವೆಲ್ಲ ಹೊಲಿದು ಬೆನ್ನು ಬಾಗಿದ ಹೆಂಗಸು. ಕನ್ನಡಕ ಮನೆಯಲ್ಲಿ ಮರೆತಿದ್ದಳು, ಆದರೆ ಅದು ಬೇಕಾಗಲಿಲ್ಲ; ಕಾಗದದ ಮೇಲೆ ಅಂಗೈ ಇಟ್ಟು, ಕಡೆಯ ಎರಡು ಸಾಲುಗಳನ್ನು ಬಾಯಿಪಾಠ ಹೇಳಿದಳು. "ಅಮ್ಮ ಇದನ್ನ ರವಿಕೆ ಒಳಗೇ ಇಟ್ಕೋತಿದ್ಲು," ಎಂದಳು.

ಎಲ್ಬರ್ಟ್ ಎದ್ದು ಕಿಟಕಿಯವರೆಗೆ ಹೋಗಿ ಬಂದ. ಆಮೇಲೆ ಹೇಳಿದ. ಐಡಾಳ ಪತ್ರವನ್ನು ಪಕ್ಕದಲ್ಲಿಟ್ಟು, ರೈಲಿನ ವೇಳಾಪಟ್ಟಿ ಓದುವವನಂತೆ ಎಲ್ಲವನ್ನೂ ಹೇಳಿದ. ಹೆಟ್ಟಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

ನೋರಾ ಎರಡೂ ಕಾಗದಗಳ ಮೇಲೆ ಬೆರಳಾಡಿಸಿದಳು. ಆಮೇಲೆ, "ಈ ಕಾಗದ ಬಂದ ಮರುವರ್ಷ ಮಾರ್ಚ್‌ನಲ್ಲಿ ಗಣಿ ತೆಗೆದ್ರು ಮಿಸ್ಟರ್ ಸ್ಟ್ರೌಡ್," ಎಂದಳು. "ಅಪ್ಪಂಗೆ ಮಣ್ಣು ಸಿಕ್ತು. ಹಾಗಾದ್ರೆ ಯಾರೋ ಕೇಳ್ತಾನೇ ಇದ್ದಿರಬೇಕು."

"ಇರಬೇಕು," ಎಂದ ಎಲ್ಬರ್ಟ್.

"ಅಮ್ಮ ಐವತ್ತು ವರ್ಷ ಆ ಸೆನೆಟರ್ ಹೆಸರಲ್ಲಿ ಮೇಣದಬತ್ತಿ ಹಚ್ಚಿದ್ಲು. ಆ ಹುಡುಗಿ ಹೆಸರು ಏನಂದ್ರಿ?"

"ಐಡಾ ಕಾಯ್ಲ್."

"ಒಂದು ಚೀಟೀಲಿ ಬರ್ಕೊಡಿ. ನಾನು ಮರೀತೀನಿ."

ಬರೆದುಕೊಟ್ಟ. ಆಲ್ಬಮ್ಮಿನ ಮೊದಲ ಪುಟದಿಂದ ಕಾಗದವನ್ನು ಬಿಡಿಸಿ ಅದನ್ನೂ ಕೊಟ್ಟ. ಅವಳು ಬೇಡವೆನ್ನಲಿಲ್ಲ. ಬಸ್ಸಿನವರೆಗೆ ಅವಳನ್ನು ಬಿಟ್ಟುಬಂದು, ಅವಳು ತಂದ ಪೈಯನ್ನು ಎರಡು ಸಲ ಹಾಕಿಸಿಕೊಂಡು ತಿಂದನೆಂದು ಹೆಟ್ಟಿ ಹೇಳುತ್ತಾಳೆ. ಆ ಮೊದಲ ಪುಟ ಅವನು ಸಾಯುವ ತನಕ ಖಾಲಿಯಾಗಿಯೇ ಉಳಿಯಿತು.

ಇಂಥವರು ಪ್ರತಿ ಊರಲ್ಲೂ ಒಬ್ಬಿಬ್ಬರಿರುತ್ತಾರೆ. ಹಳೆಯ ಕಾಗದಕ್ಕೆ ಬಾಳು ಸವೆಸಿದರೆಂದು ನಾವು ನಗುತ್ತೇವೆ. ಅವರೂ ನಮ್ಮ ಜೊತೆ ನಗುತ್ತಾರೆ. ದೊಡ್ಡವರ ಹೆಸರುಗಳನ್ನು ಬೆನ್ನಟ್ಟಿ ಹೊರಟು, ದಾರಿಯಲ್ಲಿ ಯಾರೂ ಕೇಳರಿಯದ ಒಂದು ಹೆಸರು ಎದುರಾದಾಗ, ತಮ್ಮ ಸಂಗ್ರಹದ ಬೆಲೆ ಬಿದ್ದುಹೋಗುತ್ತದೆಂದು ತಿಳಿದೂ, ಟೋಪಿ ತೆಗೆದು ದಾರಿ ಬಿಡುತ್ತಾರೆ. ಸತ್ತವರ ಋಣ ಸರಿಯಾದ ವಿಳಾಸಕ್ಕೆ ಮುಟ್ಟುವುದು ಇಂಥವರ ಕೈಯಿಂದಲೇ.